ಲಾಪತಾ ಅಂದರೆ ಪತಾ ಇಲ್ಲ

ನಮ್ಮದು ಕುಕನೂರಿನ ಕಮ್ಮಾರರ ಮನೆ. ಎತ್ತಿಗೆ, ಕುದುರೆಗೆ ಲಾಳ ಕಟ್ಟುವ ಕೆಲಸ. ಅಣ್ಣ ಸೈನ್ಯದ ಕುದುರೆ ಪಲ್ಟಣ್ ಸೇರಿದ್ದೂ ಅದೇ ಕೆಲಸಕ್ಕೆ. ಲಾಳ ಕಟ್ಟುವವನು ಗುಂಡಿನ ಮುಂದೆ ಹೋಗುವುದಿಲ್ಲ ಎಂದು ಅವ್ವ ಒಪ್ಪಿದ್ದಳು.

ಯುದ್ಧ ಶುರುವಾದ ಮೇಲೆ ಒಮ್ಮೆ ರಜೆಗೆ ಬಂದ. ಪಲ್ಟಣಿನ ಕುದುರೆಗಳನ್ನೆಲ್ಲ ತೆಗೆದು ಟ್ಯಾಂಕು ಕೊಟ್ಟಿದ್ದಾರೆ ಎಂದ.

"ಅದಕ್ಕ ಲಾಳ ಯಾರು ಕಟ್ತಾರ?" ಅಪ್ಪ ಕೇಳಿದ.

"ಗಾಲಿ ಸುತ್ತ ಕಬ್ಬಿಣದ ಪಟ್ಟಿ ಅದಾವಪಾ, ಅದರ ಕಾಲೆಲ್ಲಾ ಲಾಳನ. ಮುರಿದ್ರ ಬಡದು ಕೂಡಿಸೋದು ನನ್ನ ಕೆಲಸ."

"ಹುಲ್ಲು ಕೇಳಂಗಿಲ್ಲ, ಒದಿಯಂಗಿಲ್ಲ. ಛಲೋ ಆತು ತಗೋ."

ಎಲ್ಲರೂ ನಕ್ಕೆವು. ಕುದುರೆ ಇದ್ದಾಗ ಅಣ್ಣ ಗುಂಡಿನಿಂದ ದೂರ, ಹಿಂದಿನ ಲಾಯದಲ್ಲಿ ಇರುತ್ತಿದ್ದ. ಈಗ ಟ್ಯಾಂಕು ಹೋದಲ್ಲಿಗೆ ಅವನೂ ಹೋಗಬೇಕು. ಟ್ಯಾಂಕು ಹಡಗು ಹತ್ತಿತು, ಅವನೂ ಹತ್ತಿದ.

ಕೆಲವು ತಿಂಗಳಿಗೆ ಸರಕಾರದ ಕಾಗದ ಬಂತು. ಉರ್ದು ಬಲ್ಲ ಮುನಶಿ ಓದಿದರು.

"ಹಡಗು ಮುಳುಗೈತಿ. ನಿಮ್ಮ ಮಗ ಲಾಪತಾ ಅಂತ ಬರದಾರ್ರಿ."

"ಹಂಗಂದ್ರ ಏನ್ರಿ?" ಅವ್ವ ಕೇಳಿದಳು.

"ಪತಾ ಇಲ್ಲ ಅಂತ್ರಿ."

ನಮ್ಮ ಕಡೆ ಪತಾ ಅಂದರೆ ಲಕೋಟೆಯ ಮೇಲೆ ಬರೆಯುವ ವಿಳಾಸ. ಅವ್ವ ಉಸಿರು ಬಿಟ್ಟಳು. "ಊರು ಬದಲಿ ಆಗೈತಿ, ಅಷ್ಟ."

ಮುನಶಿ ನನ್ನನ್ನು ಹೊರಗೆ ಕರೆದರು. ನೀರಿನ ಒಳಗೇ ಓಡಾಡುವ ಹಡಗು ಬಂದಿದೆಯಂತೆ. ಕಣ್ಣಿಗೆ ಬೀಳದೆ ಕೆಳಗಿನಿಂದ ಹೊಡೆಯುತ್ತದಂತೆ. ಟ್ಯಾಂಕು, ಆಳು, ಎಲ್ಲ ತಳಕ್ಕೆ. ಹೆಣ ಸಿಗದವನನ್ನು ಸತ್ತ ಎಂದು ಬರೆಯುವುದಿಲ್ಲವಂತೆ.

ಒಳಗೆ ಹೋಗಿ ಅವ್ವನಿಗೆ ಹಾಗೇ ಹೇಳಿದೆ.

"ಸತ್ತಿದ್ರ ಸತ್ತಾನ ಅಂತ ಬರೀತಿದ್ರು. ಅವರಿಗೇನು ಬರಿಯಾಕ ಬರಂಗಿಲ್ಲೇನು? ನೀ ಕಾಗದ ಬರಿ."

ಶಾಲೆಯಲ್ಲಿ ಎರಡನೇ ಇಯತ್ತೆವರೆಗೆ ಕಲಿತ ಅಕ್ಷರದಲ್ಲಿ ಬರೆದೆ. ಎಲ್ಲಿದ್ದೀ, ಲಗೂನ ತಿಳಿಸು. ಲಕೋಟೆಯ ಮೇಲೆ ಅಣ್ಣನ ಹೆಸರು ಮಾತ್ರ. ಅವ್ವನೇ ಒಯ್ದು ಟಪಾಲು ಡಬ್ಬಿಗೆ ಹಾಕಿದಳು.

ಮರುದಿನ ಟಪಾಲಿನವನು ಅದನ್ನು ಹಿಡಿದುಕೊಂಡು ಬಂದ.

"ಇದಕ್ಕ ಪತಾನ ಇಲ್ಲಲ್ಲ ಯವ್ವಾ."

"ಸರಕಾರದವರೂ ಅದನ್ನ ಬರದಾರ. ನೀನೂ ಅದನ್ನ ಹೇಳ್ತಿ. ಹಂಗಾರ ಹುಡುಕೋರು ಯಾರಪಾ?"

ಕುಲುಮೆಯಲ್ಲಿ ಅಪ್ಪನ ಸುತ್ತಿಗೆ ನಿಂತಿತು. ಟಪಾಲಿನವನು ಕಾಗದವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದ.