ಮಹಂತೇಶರು ಜೋಡಿಸಿದ ನಲವತ್ತೆಂಟು ಪುಟಗಳು

"ಅಮ್ಮಾ, ಮಹಂತೇಶ್ ಅಂಕಲ್ ಇಂಟರ್ನೆಟ್ ಸೇ ಚೋರಿ ಮಾಡ್ತಾರಾ?"

ಸ್ನಾನ ಮಾಡಿಸುವಾಗ ಸಿಂಧೂರ ಕೇಳಿದಳು. ಏಳು ವರ್ಷದ ನನ್ನ ಮಗಳಿಗೆ ದೊಡ್ಡ ಪ್ರಶ್ನೆಗಳೆಲ್ಲ ತಲೆಗೆ ಸೋಪು ಹಚ್ಚಿದ ಮೇಲೆಯೇ ಹೊಳೆಯುತ್ತವೆ. ಮೇಲಿನ ಮನೆಯ ಕಾರ್ತಿಕ್ ತನ್ನಪ್ಪ ಅಂದದ್ದನ್ನು ಹೇಳಿದನಂತೆ: ಅಂಕಲ್ ಕಾಮಿಕ್ಸ್ ಎಲ್ಲ ದುಡ್ಡು ಕೊಡದೆ ಮುಫ್ತ್‌ನಲ್ಲಿ ಡೌನ್‌ಲೋಡ್ ಮಾಡುತ್ತಾರೆ, ಮುಫ್ತ್ ಅಂದರೆ ಚೋರಿ, ಕಳ್ಳತನ. ಇಲ್ಲ ಪುಟ್ಟಾ, ಕೇಳಿ ತಗೊಂಡಿದ್ದಾರೆ ಎಂದು ನೀರು ಹೊಯ್ದೆ. ಆದರೆ ಒಂದು ಮಗ್ಗು ನೀರಿನಲ್ಲಿ ಮುಗಿಯುವ ಉತ್ತರ ಅದಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಮಹಂತೇಶರು ಬೈಲಹೊಂಗಲ ಕಡೆಯವರು. ಇಲ್ಲಿ ರಾಜಧಾನಿಯಲ್ಲಿ, ಜನಕಪುರಿಯ ನಮ್ಮ ಬ್ಲಾಕಿನಲ್ಲೇ ಒಂದು ಕೋಣೆ ಹಿಡಿದಿದ್ದಾರೆ. ಓಖ್ಲಾದ ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ. ಫಾರಮ್ಮುಗಳನ್ನು, ಅಂದರೆ ಅಚ್ಚಾಗಿ ಮಡಚಿದ ಹಾಳೆಗಳನ್ನು, ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟಿರುತ್ತಾರಂತೆ. ಇವರು ಮೇಜಿನುದ್ದಕ್ಕೂ ನಡೆಯುತ್ತಾ ಒಂದೊಂದನ್ನೇ ಎತ್ತಿ ಒಂದರ ಮೇಲೊಂದು ಇಡಬೇಕು. ಮೇಜು ಮುಗಿಯುವ ಹೊತ್ತಿಗೆ ಕೈಯಲ್ಲಿ ಒಂದು ಪುಸ್ತಕ. ಪುಟ ಹಿಂದುಮುಂದಾದ ಒಂದೇ ಒಂದು ಪುಸ್ತಕವೂ ತಮ್ಮ ಕೈಯಿಂದ ಹೊರಗೆ ಹೋಗಿಲ್ಲ ಎನ್ನುವುದು ಅವರು ತಮ್ಮ ಬಗ್ಗೆ ಹೇಳಿಕೊಳ್ಳುವ ಏಕೈಕ ಮಾತು.

ಭಾನುವಾರ ಬೆಳಿಗ್ಗೆ ಸೊಸೈಟಿಯ ನೆಲಮಾಳಿಗೆಯ ಹಾಲಿನಲ್ಲಿ ಅವರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಚಳಿಗಾಲ ಮುಗಿಯುವಷ್ಟರಲ್ಲಿ ಕ್ಲಾಸಿನಲ್ಲಿ ಉಳಿದವರು ಆರೇ ಮಂದಿ. ಸೊಸೈಟಿಯ ಕಾರ್ಯದರ್ಶಿ ಬಂದು, ಬರುವ ತಿಂಗಳ ಕೊನೆಯ ಭಾನುವಾರ ಎಣಿಸುತ್ತೇನೆ, ಹತ್ತು ಮಕ್ಕಳಿಲ್ಲದಿದ್ದರೆ ಹಾಲನ್ನು ಝುಂಬಾ ನೃತ್ಯದವರಿಗೆ ಕೊಡುತ್ತೇನೆ ಎಂದರು. ಮಹಂತೇಶರು ಅಚ್ಛಾಜೀ ಎಂದರು, ಅಷ್ಟೆ. ಆವತ್ತು ಬೋರ್ಡು ಒರೆಸುವುದಕ್ಕೆ ಮಾತ್ರ ತುಂಬಾ ಹೊತ್ತು ತೆಗೆದುಕೊಂಡರು.

ಮಕ್ಕಳಿಗೆ ಕಾಮಿಕ್ಸ್ ಬೇಕು ಎಂದು ಅವರಿಗೆ ಗೊತ್ತು. ನೆಟ್ಟಿನಲ್ಲಿ ಕನ್ನಡದ್ದು ಸಿಕ್ಕಿತು: ಟೌನ್ ಬಸ್ ಓಡಿಸುವ ಒಂದು ಎಮ್ಮೆಯ ಕಥೆ, ನಲವತ್ತೆಂಟು ಪುಟ, ಮೈಸೂರಿನ ಸುಮಿತ್ರಾ ಎಂಬ ಶಿಕ್ಷಕಿ ಬರೆದದ್ದು. ಆದರೆ ನಮ್ಮ ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ಲಿನ ಒಂದು ಕಡ್ಡಿಯೂ ನಿಲ್ಲುವುದಿಲ್ಲ. ಇಳಿಸಿಕೊಂಡೇ ಹೋಗಬೇಕು. ಪ್ರೆಸ್ಸಿನವರು ಎಸೆಯಲಿದ್ದ ಲ್ಯಾಪ್‌ಟಾಪನ್ನು ಕೇಳಿ ತಂದರು. ನೆಟ್ಟಿನಿಂದ ಪುಟಗಳನ್ನು ಇಳಿಸಿಕೊಡುವ, ಎಲ್ಲರಿಗೂ ಉಚಿತವಾಗಿ ಬಿಟ್ಟಿರುವ ಸಾಫ್ಟ್‌ವೇರನ್ನೇ ಹುಡುಕಿ ಹಾಕಿದರು. ಅದಕ್ಕೆ ಕೊಡುವ ಆಜ್ಞೆಗಳ ಸಾಲುಗಳನ್ನು ರದ್ದಿ ಹಾಳೆಯ ಹಿಂಬದಿಗೆ ಅಕ್ಷರ ಅಕ್ಷರವಾಗಿ ನಕಲು ಮಾಡಿ, ಕರಡು ತಿದ್ದುವವರ ಹಾಗೆ ಬೆರಳಿಟ್ಟು ತಾಳೆ ನೋಡಿದರು. ಮೂರು ವಾರ ಹಿಡಿಯಿತು. ಅದಕ್ಕೂ ಮೊದಲೇ ಸುಮಿತ್ರಾ ಅವರಿಗೆ ಬರೆದು ಕೇಳಿದ್ದರು. ಮಕ್ಕಳು ಓದುವುದಾದರೆ ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂಬ ಅವರ ಉತ್ತರ ಈಗಲೂ ಹಾಲಿನ ಬಾಗಿಲಿಗೆ ಅಂಟಿಕೊಂಡಿದೆ. ಕಾರ್ತಿಕನ ಅಪ್ಪ ಅದನ್ನು ಓದಿಲ್ಲ, ಅಷ್ಟೆ.

ಒಂದೊಂದು ಪುಟ ಇಳಿಸಿದ ಮೇಲೂ ಮೂರು ಸೆಕೆಂಡು ನಿಲ್ಲು ಎಂದು ಸಾಫ್ಟ್‌ವೇರಿಗೆ ಹೇಳಿದ್ದರು. ಯಾಕೆ ಎಂದೆ.

"ರಾಜೀವ್ ಚೌಕದಾಗ ಮೆಟ್ರೊ ಬಾಗಿಲಾ ತೆಗೆದ ಕೂಡ್ಲೇ ನುಗ್ತಾರಲ್ಲ ತಂಗಿ, ಹಂಗ ನುಗ್ಗಬಾರ್ದು. ಸುಮಿತ್ರಾ ಅಕ್ಕೋರ ವೆಬ್‌ಸೈಟು ಸಣ್ಣದೈತಿ."

ಈ ತಿಂಗಳ ಎರಡನೆಯ ಭಾನುವಾರ ಕಾಲೊನಿಯವರು ಕೊಟ್ಟಿದ್ದ ಹಳೇ ಟ್ಯಾಬುಗಳಲ್ಲಿ ಎಮ್ಮೆ ಬಂತು. ನಾನೂ ಕೂತಿದ್ದೆ. ಮೊದಲ ಪುಟದಲ್ಲಿ ಎಮ್ಮೆ ಬಸ್ಸನ್ನು ಆಸೆಯಿಂದ ನೋಡುತ್ತಿದೆ. ಮುಂದಿನ ಪುಟದಲ್ಲಿ ಪೊಲೀಸ್ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತಿದೆ. ಪುಟಗಳ ಫೈಲಿನ ಹೆಸರಿನಲ್ಲಿ ಬರೀ ಅಂಕಿಗಳಿದ್ದುದರಿಂದ ಟ್ಯಾಬುಗಳು ಅವನ್ನು ತಮ್ಮದೇ ರೀತಿಯಲ್ಲಿ ಜೋಡಿಸಿಬಿಟ್ಟಿದ್ದವು: ಒಂದಾದ ಮೇಲೆ ಹತ್ತು, ಹನ್ನೊಂದು, ಹೀಗೆ ಹತ್ತೊಂಬತ್ತರ ತನಕ, ಆಮೇಲೆ ಎರಡು. ಚಿತ್ರಗಳ ಮೇಲೆ ಪುಟಸಂಖ್ಯೆಯೂ ಇರಲಿಲ್ಲ. ಮಹಂತೇಶರ ಮುಖ ನೋಡಲಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆಗದ್ದು ಆರು ಮಕ್ಕಳ ಎದುರಿಗೆ ಆಗಿತ್ತು.

ಅಷ್ಟರಲ್ಲಿ ಸಿಂಧೂರ ಎದ್ದು ನಿಂತಳು. "ಎಮ್ಮೆಗೆ ಲೈಸೆನ್ಸೇ ಸಿಕ್ಕಿಲ್ಲ ಅಭೀ ತಕ್, ಪೊಲೀಸ್ ಯಾಕೆ ಹಿಡೀತಾರೆ?"

"ಲೈಸೆನ್ಸ್ ಇಲ್ಲ ಅಂತಾನೇ ಹಿಡಿದಿದ್ದು, ಪಾಗಲ್," ಎಂದ ಕಾರ್ತಿಕ್.

"ಓದು ಮತ್ತೆ. ಈ ಸ್ಟೇಷನ್ ಪುಟದಲ್ಲೇ ಬರೆದಿದೆ, ನಿನ್ನೆ ಲೈಸೆನ್ಸ್ ಬಂತು ಅಂತ. ಅಂದ್ರೆ ಮಧ್ಯೆ ಬೇರೆ ಪುಟ ಇದೆ. ಓದು."

ಅವನು ಓದಿದ. ಒತ್ತಕ್ಷರದಲ್ಲಿ ಎಡವಿದ, ಅವಳು ನಕ್ಕಳು, ಅವನು ಮತ್ತೆ ಓದಿದ. ಆಮೇಲೆ ಆರೂ ಜನ ನೆಲದ ಮೇಲೆ ತಲೆ ತಾಗಿಸಿಕೊಂಡು ಯಾವ ಪುಟ ಯಾವುದರ ಹಿಂದೆ ಎಂದು ಒಂದೂವರೆ ಗಂಟೆ ಜಗಳವಾಡಿದರು, ಬಹುಪಾಲು ಕನ್ನಡದಲ್ಲಿ. ಮಹಂತೇಶರು ಬಾಯಿ ಹಾಕಲಿಲ್ಲ. ಮಕ್ಕಳು ಹೇಳಿದ ಕ್ರಮವನ್ನು ಬೋರ್ಡಿನ ಮೇಲೆ ಬರೆಯುತ್ತಾ ಹೋದರು. ನನ್ನ ಮಗಳು ಬೇರೆಯವರಿಗೆ ಕನ್ನಡ ಓದಿ ಹೇಳುವುದನ್ನು ಅವತ್ತೇ ಮೊದಲು ಕೇಳಿದ್ದು. ಹೆಮ್ಮೆ ಅವಳ ಬಗ್ಗೆಯೋ ಅವರ ಬಗ್ಗೆಯೋ, ವಿಂಗಡಿಸಿ ಹೇಳಲಾರೆ.

ಸುದ್ದಿ ಹಬ್ಬಿತು. ಮುಂದಿನ ಭಾನುವಾರ ಬಾಗಿಲಲ್ಲಿ ಹನ್ನೊಂದು ಜೊತೆ ಚಪ್ಪಲಿ. ಮಹಂತೇಶರು ವಾರವೆಲ್ಲ ಕೂತು ಬಿಡಿ ಅಂಕಿಗಳ ಎಡಕ್ಕೆ ಸೊನ್ನೆ ಸೇರಿಸಿ, ಸುಮಿತ್ರಾ ಅವರ ಇನ್ನೊಂದು ಕಥೆಯನ್ನು ಅಚ್ಚುಕಟ್ಟಾಗಿ ಜೋಡಿಸಿ ತಂದಿದ್ದರು. ಮಕ್ಕಳು ಚಿತ್ರ ಸರಿಸುತ್ತಾ ಹತ್ತೇ ನಿಮಿಷದಲ್ಲಿ ಮುಗಿಸಿದರು. ಮಾತುಗಳನ್ನು ಯಾರೂ ಓದಲಿಲ್ಲ. ಆಜ್ ಗಡಬಡ್ ನಹೀಂ ಹೈ ಕ್ಯಾ, ಇವತ್ತು ಪುಟ ಹಿಂದುಮುಂದಾಗಿಲ್ಲವಾ, ಎಂದು ಕಾರ್ತಿಕ್ ಕೇಳಿದ. ಅರ್ಧ ಗಂಟೆಯಲ್ಲಿ ನಾಲ್ವರು ಕ್ರಿಕೆಟ್‌ಗೆ ಹೋದರು.

ಕಾರ್ಯದರ್ಶಿ ಎಣಿಸಲು ಬರುವುದು ನಾಡಿದ್ದು ಭಾನುವಾರ. ಇವತ್ತು ಸಂಜೆ ಮಹಂತೇಶರು ಮೆಟ್ರೊ ಇಳಿದು ನೇರ ನಮ್ಮ ಮನೆಗೆ ಬಂದರು. ಊಟದ ಡಬ್ಬಿಯೂ ಕೈಯಲ್ಲೇ ಇತ್ತು. ಚಹಾ ಬೇಡವೆಂದರು. ಒಂದು ಪೆನ್‌ಡ್ರೈವನ್ನು ಮೇಜಿನ ಮೇಲೆ ಇಟ್ಟು ನನ್ನ ಕಡೆಗೆ ಸರಿಸಿದರು. ಹೊಸ ಕಥೆ, ಮೂವತ್ತಾರು ಪುಟ. ಮಕ್ಕಳು ಮತ್ತೆ ಜಗಳವಾಡಿ ಓದಲಿ ಎಂದು ಪುಟಗಳನ್ನು ತಾವೇ ಎರಡು ಸಲ ಹಿಂದುಮುಂದು ಮಾಡಿದರಂತೆ, ಎರಡು ಸಲವೂ ಲ್ಯಾಪ್‌ಟಾಪ್ ಮುಚ್ಚಿಡುವ ಮೊದಲು ಕೈ ತಾನಾಗಿಯೇ ಸರಿಮಾಡಿಬಿಟ್ಟಿತಂತೆ.

"ನೀ ಕೆಡಿಸಿ ಕೊಡವಾ ತಂಗಿ, ನನ್ನ ಕೈಲಿ ಆಗವಲ್ದು," ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಮೊದಲನೇ ಪುಟ ಒಂದು ಅದರ ಜಾಗಾದಾಗ ಇರಲಿ."