ಎ ಕೀ ಮೇಲಿನ ಬೆರಳು

ಮೂರು ವರ್ಷದ ಹಿಂದಿನ ಮಾತು. ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ನನಗೆ ಅದು ಇಪ್ಪತ್ತೆರಡನೇ ವರ್ಷ. ಕಾರ್ಖಾನೆಗಳ ಊರು, ಹಾಗಾಗಿ ನನ್ನ ಹತ್ತಿರ ಬರುವವರಲ್ಲಿ ಕೈ ಪೆಟ್ಟಿನವರೇ ಹೆಚ್ಚು. ಮುಖಕ್ಕಿಂತ ಬೆರಳನ್ನೇ ಬೇಗ ಗುರುತು ಹಿಡಿಯುತ್ತೀರಿ ಎಂದು ನನ್ನ ಹೆಂಡತಿ ಹಂಗಿಸುವುದುಂಟು. ಅಷ್ಟು ಅನುಭವವಿದ್ದ ನನಗೇ ಒಂದು ಉಂಗುರದ ಬೆರಳು ಮೂರು ವಾರ ಚಳ್ಳೆಹಣ್ಣು ತಿನ್ನಿಸಿತು.

ಬೆರಳಿನ ಒಡತಿ ಮಾದೇವಿ. ವಯಸ್ಸು ಇಪ್ಪತ್ತಾರು. ಅಂಚೆಟ್ಟಿಯಾಚೆ ನಾಟ್ರಾಂಪಾಳ್ಯದ ಬೇಸಾಯದ ಮನೆಯವಳು. ಹೊಸೂರಿನ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ, ಆಲಸನತ್ತಂನಲ್ಲಿ ಅಕ್ಕನ ಜೊತೆ ವಾಸ. ರಜೆಗೆ ಊರಿಗೆ ಹೋಗಿದ್ದಾಗ ಹಸುವಿಗೆ ಹುಲ್ಲು ಕುಯ್ಯುತ್ತಾ ಎಡಗೈಯ ಉಂಗುರದ ಬೆರಳಿಗೆ ಕುಡುಗೋಲು ಹಾಕಿಕೊಂಡಿದ್ದಳು. ಬೆರಳನ್ನು ಮಡಚುವ ಹುರಿ, ನಾವು ಟೆಂಡನ್ ಎನ್ನುವುದು, ಎರಡು ತುಂಡಾಗಿತ್ತು. ನಮ್ಮ ಸರ್ಜನ್ ಅದನ್ನು ಹೊಲಿದು, ಆರು ವಾರ ಕೈ ಅಲುಗದಂತೆ ಸ್ಪ್ಲಿಂಟಿನಲ್ಲಿಟ್ಟು, ಏಳನೇ ವಾರ ನನ್ನ ಹತ್ತಿರ ಕಳಿಸಿದರು.

ಹೊಲಿದ ಟೆಂಡನ್ನಿನದು ಒಂದು ಕೆಟ್ಟ ಬುದ್ಧಿ. ಆಡಿಸದೆ ಬಿಟ್ಟರೆ ಅಕ್ಕಪಕ್ಕದ ಮಾಂಸಕ್ಕೆ ಅಂಟಿ ಕೂತುಬಿಡುತ್ತದೆ. ಮಾದೇವಿಯ ಬೆರಳನ್ನು ನಾನು ಮಡಚಿದರೆ ಮಡಚುತ್ತಿತ್ತು, ಅವಳೇ ಮಡಚಲು ಹೋದರೆ ಇಲ್ಲ. ಮುಷ್ಟಿ ಹಿಡಿ ಎಂದಾಗ ಬೆರಳ ತುದಿಗೂ ಅಂಗೈಗೂ ಐದು ಸೆಂಟಿಮೀಟರ್ ದೂರವಿತ್ತು. "ಹದಿನಾಲ್ಕನೇ ವಾರ ನೋಡ್ತೀನಿ. ಎರಡು ಸೆಂಟಿಮೀಟರ್ ಒಳಗೆ ಬರದಿದ್ರೆ ಮತ್ತೆ ಆಪರೇಷನ್," ಎಂದಿದ್ದರು ಸರ್ಜನ್. ಎರಡನೇ ಸಲ ಕೈ ಹಾಕಿದರೆ ಹುರಿ ಹರಿದೇ ಹೋಗುವ ಭಯವೂ ಇತ್ತು. ಅದನ್ನೂ ಅವಳಿಗೆ ಮುಚ್ಚಿಡದೆ ಹೇಳಿದ್ದರು.

ನಾನು ಸ್ಪಾಂಜು ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ನ ಹಿಚುಕ್ತಾ ಕೂತ್ಕಂಡ್ರೆ ನಿದ್ದೆ ಬತ್ತದೆ ಸಾರ್. ನಾನು ಕಂಪ್ಯೂಟರ್ನಾಗೆ ಗೇಮ್ ಆಡ್ತೀನಿ. ಎಡಗೈ ಪೂರಾ ಕೀಬೋರ್ಡ್ ಮ್ಯಾಲೇ ಇರ್ತದೆ. ಅದು ಆಗಲ್ವಾ?"

ನನಗೆ ಗೊತ್ತಿದ್ದ ಆಟ ಚೌಕಾಬಾರ ಒಂದೇ. ಗೇಮು ಅಂದರೆ ಕೆಲಸವಿಲ್ಲದವರ ಗೀಳು ಎಂದು ಮುಖಕ್ಕೇ ಹೇಳಿದೆ. ಅವಳು ಬೇಸರಪಟ್ಟುಕೊಳ್ಳದೆ ವಿವರಿಸಿದಳು. ಗುಂಡು ಹಾರಿಸುವ ಆಟ, ಐವರ ತಂಡ. ಎಲ್ಲ ಹೊಸೂರಿನ ಕಾರ್ಖಾನೆಗಳವರು, ಅವಳೊಬ್ಬಳೇ ಹೆಣ್ಣು. ನಡೆಸುವುದೆಲ್ಲ ಎಡಗೈ, ಗುರಿ ಇಡುವುದು ಬಲಗೈಯ ಮೌಸ್. ಡಬ್ಲ್ಯೂ ಒತ್ತಿದರೆ ಮುಂದಕ್ಕೆ, ಎಸ್ ಹಿಂದಕ್ಕೆ, ಡಿ ಬಲಕ್ಕೆ, ಎ ಎಡಕ್ಕೆ. ಆ ಎ ಕೀ ಉಂಗುರದ ಬೆರಳಿನದು. ದಿನಕ್ಕೆ ಸಾವಿರ ಸಲ ಒತ್ತಬೇಕು ಎಂದಳು. ಕೀ ಒತ್ತಿದ ಮಾತ್ರಕ್ಕೆ ಬೆರಳು ಪೂರ್ತಿ ಮಡಚುವುದಿಲ್ಲ, ಆದರೆ ಹೆದರಿದ ಬೆರಳು ಹೇಳಿದ ಮಾತು ಕೇಳಲು ಕಲಿಯುತ್ತದೆ. ಸರಿ, ಸ್ಪಾಂಜಿನ ಜೊತೆಗೆ ದಿನಕ್ಕೆ ಒಂದು ಗಂಟೆ ಆಟ ಎಂದು ಫೈಲಿನಲ್ಲಿ ಬರೆದೆ. ಆಧುನಿಕನಾದೆನೆಂದು ಒಳಗೊಳಗೇ ಬೀಗಿದೆ ಕೂಡ.

ಎಂಟನೇ ವಾರ ಅಳೆದರೆ ನಾಲ್ಕೂವರೆ. ಒಂಬತ್ತನೇ ವಾರವೂ ನಾಲ್ಕೂವರೆ. "ಆಡ್ತಾ ಇದ್ದೀಯಾ?" ಎಂದರೆ, "ದಿನಾ ಆಡ್ತೀನಿ ಸಾರ್. ನೆನ್ನೆ ಗೆದ್ದೋ," ಎನ್ನುತ್ತಾಳೆ. ಸುಳ್ಳು ಹೇಳುವ ಮುಖವಲ್ಲ. ನನಗೆ ತಲೆ ಕೆಟ್ಟುಹೋಯಿತು. ಆ ಭಾನುವಾರ ಬೆಳಿಗ್ಗೆ ಹೇಳಿ ಕಳಿಸಿ ಆಲಸನತ್ತಂಗೇ ಹೊರಟೆ.

ಅವಳ ಅಕ್ಕ ಕಾಫಿ ಕೊಟ್ಟರು. ಮಾದೇವಿಗೆ, ಹಿಂದೆ ನಿಂತು ನೋಡು‌ತ್ತೇನೆ, ನಿನ್ನ ಪಾಡಿಗೆ ಆಡು ಎಂದೆ. ಪರದೆಯ ಮೇಲೆ ಅವಳ ಸಿಪಾಯಿ ಎಡಕ್ಕೂ ಬಲಕ್ಕೂ ಚೆನ್ನಾಗಿಯೇ ಓಡುತ್ತಿದ್ದ. ನಾನು ಅವನನ್ನು ಬಿಟ್ಟು ಅವಳ ಎಡಗೈ ನೋಡಿದೆ. ಉಂಗುರದ ಬೆರಳು ಎ ಕೀಯಿಂದ ಒಂದಂಗುಲ ಮೇಲೆ, ಗಾಳಿಯಲ್ಲಿ, ನೆಟ್ಟಗೆ ನಿಂತಿತ್ತು. ಹತ್ತು ನಿಮಿಷದಲ್ಲಿ ಒಂದು ಸಲವೂ ಕೆಳಗಿಳಿಯಲಿಲ್ಲ.

"ಎಡಕ್ಕೆ ಹೇಗೆ ಹೋಗ್ತಿದ್ದೀಯಮ್ಮ?"

"ಮೌಸ್ ಪಕ್ಕದಾಗೆ ಇನ್ನೊಂದು ಬಟನ್ ಐತಲ್ಲ ಸಾರ್, ಎಡಗಡೇನ ಅದಕ್ಕೆ ಹಾಕ್ಕಂಡಿವ್ನಿ. ಆ ಬೆರಳು ತಡ ಮಾಡ್ತದೆ. ತಡ ಆದ್ರೆ ಸತ್ತೋಯ್ತೀವಿ."

ಯಾವ ಕೀಗೆ ಯಾವ ಕೆಲಸ ಎಂಬುದನ್ನು ಆಡುವವರು ತಮ್ಮ ಕೈಗೆ ತಕ್ಕಂತೆ ಬದಲಿಸಿಕೊಳ್ಳಬಹುದಂತೆ. ಆಟ ಬಲ್ಲವರೆಲ್ಲ ಮಾಡುವ ಕೆಲಸ. ಅದರಲ್ಲಿ ಮೋಸವೇನೂ ಇಲ್ಲ. ನಾನು ಚಾಪೆ ಕೆಳಗೆ ತೂರಿದರೆ ಹುಡುಗಿ ರಂಗೋಲಿ ಕೆಳಗೇ ತೂರಿದ್ದಳು, ಅದೂ ಚಿಕಿತ್ಸೆಯಿಂದ ತಪ್ಪಿಸಿಕೊಳ್ಳುತ್ತಿದ್ದೇನೆಂದು ತನಗೇ ಗೊತ್ತಿಲ್ಲದೆ. ಸಿಟ್ಟು ಬಂದದ್ದು ನನ್ನ ಮೇಲೆ. ಎಷ್ಟು ಹೊತ್ತು ಆಡಿದೆ ಎಂದು ಮೂರು ವಾರ ಕೇಳಿದವನು, ಹೇಗೆ ಆಡುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನೋಡಮ್ಮ, ಉಳಿದಿರೋದು ಐದು ವಾರ. ಎಡಗಡೆಯನ್ನ ಇವತ್ತೇ ಎ ಕೀಗೆ ವಾಪಸ್ ಹಾಕು. ಆಟ ಶುರುವಾಗೋಕೆ ಕಾಯೋ ಹೊತ್ತೆಲ್ಲ ಮುಷ್ಟಿ ಹಿಡಿ."

ಅವಳ ಮುಖ ಸಣ್ಣಗಾಯಿತು. "ಸೋತೋಯ್ತೀನಿ ಸಾರ್. ಮುಂದಿನ ತಿಂಗಳು ಕೃಷ್ಣಗಿರೀಲಿ ಪಂದ್ಯ ಐತೆ. ಬೆರಳು ಕುಯ್ಕಂಡಿದ್ದು ತಂಡದೋರ್ಗೆ ಹೇಳೇ ಇಲ್ಲ, ಪಟ್ಟಿ ಇದ್ದ ಆರು ವಾರ ಊರಾಗೆ ಕೆಲ್ಸ ಅಂದಿದ್ದೆ." ಎದ್ದು ನಿಂತವಳು ಮತ್ತೆ ಕೂತಳು. ಮೌಸಿನ ಬಟನ್ ತೆಗೆದು ಎ ಕೀಗೆ ಹಾಕಿದಳು. ಆಮೇಲೆ ಮೈಕ್ ಆನ್ ಮಾಡಿ ತಂಡದ ನಾಯಕ ಸೆಲ್ವಂಗೆ ತಮಿಳಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಬೆರಳು ಹೀಗಾಗಿದೆ, ಐದು ವಾರ ನನ್ನಿಂದ ಸೋಲುತ್ತೀರಿ, ಬೇಡವಾದರೆ ಬೇರೆಯವರನ್ನು ಹಾಕಿಕೊಳ್ಳಿ. ಸ್ಪೀಕರಿನಲ್ಲಿ ಸೆಲ್ವಂ, ಮೊದಲೇ ಯಾಕೆ ಹೇಳಲಿಲ್ಲ ಎಂದು ಬೈದ. ಬೇರೆಯವರ ಮಾತು ಎತ್ತಲಿಲ್ಲ.

ಐದು ವಾರ ಆ ತಂಡ ಸೋತಿತು. ನಾನು ವಾರಕ್ಕೆ ಮೂರು ದಿನ ಅವಳ ಬೆರಳು ನೀವಿದೆ, ಅಳೆದೆ. ಈಗ ಕೀಬೋರ್ಡನ್ನೂ ತರಿಸಿ, ಕಣ್ಣೆದುರೇ ಒತ್ತಿಸುತ್ತಿದ್ದೆ. ಮೂರೂ ಮುಕ್ಕಾಲು. ಮೂರು. ಒಂದು ವಾರ ಏನೂ ಇಲ್ಲ, ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಎರಡೂ ಕಾಲು.

ಸರ್ಜನ್ ತಪಾಸಣೆಗೆ ಎರಡು ದಿನ ಮೊದಲೇ ಕೃಷ್ಣಗಿರಿಯ ಪಂದ್ಯ. ಹಿಂದಿನ ದಿನ ಮಾದೇವಿ ಬಂದಾಗ ನನಗೇ ಪಾಪ ಎನಿಸಿತು. ಇಷ್ಟು ದಿನ ಸೋತಿದ್ದಾಳೆ. "ನಾಳೆ ಒಂದು ದಿನ ಬೇಕಾದ್ರೆ ಮೌಸ್ ಬಟನ್ ಹಾಕ್ಕೋ. ಒಂದು ದಿನಕ್ಕೆ ಏನೂ ಆಗಲ್ಲ," ಎಂದೆ. ವೈದ್ಯಕೀಯವಾಗಿ ಆ ಮಾತು ಸರಿಯೇ ಇತ್ತು.

ಅವಳು ಬೆರಳು ನೋಡಿಕೊಂಡಳು. "ಬ್ಯಾಡ ಸಾರ್. ಐದು ವಾರ ಇದ್ಕೆ ನಾನು ಹೇಳಿಕೊಟ್ಟಿದ್ದು, ಅವಸರ ಬಿದ್ದಾಗ್ಲೂ ನೀನೇ ಬರಬೇಕು ಅಂತ. ಅವಸರ ಇರೋ ದಿನವೇ ಬಿಟ್ಬುಟ್ರೆ ಅದು ನನ್ನ ಮಾತು ಯಾಕೆ ಕೇಳ್ತದೆ?"

ಎ ಕೀಯಲ್ಲೇ ಆಡಿದಳು. ಮೊದಲ ಸುತ್ತು ಗೆದ್ದರು, ಎರಡನೆಯದರಲ್ಲಿ ಸೋತು ಮನೆಗೆ ಬಂದರು. ಎರಡು ದಿನದ ನಂತರ ಸರ್ಜನ್ ಮುಂದೆ ಮುಷ್ಟಿ ಹಿಡಿದಳು. ಅವರು ಸ್ಕೇಲು ಇಟ್ಟು, ತೆಗೆದು, ಮತ್ತೆ ಇಟ್ಟರು. ಒಂದೂವರೆ. "ಆಪರೇಷನ್ ಬೇಡ," ಎಂದು ಬರೆದು ಫೈಲು ಮುಚ್ಚಿದರು. ಮಾದೇವಿ ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ನನ್ನ ಕಣ್ಣೂ ಒದ್ದೆಯಾಗಿತ್ತು.

ಅಂದಿನಿಂದ ಯಾವ ರೋಗಿಯನ್ನೂ ವ್ಯಾಯಾಮ ಮಾಡಿದೆಯಾ ಎಂದು ನಾನು ಕೇಳುವುದಿಲ್ಲ. ಮಾಡಿ ತೋರಿಸು ಎನ್ನುತ್ತೇನೆ. ಇದು ನನ್ನ ವೃತ್ತಿ ತಡವಾಗಿ ಕಲಿಸಿದ ಪಾಠ. ಇನ್ನೊಂದನ್ನು ಕಲಿಸಿದವಳು ಮಾದೇವಿ: ಕನಿಕರದಿಂದ ವೈದ್ಯ ರಿಯಾಯಿತಿ ಕೊಡುವಾಗಲೂ, ಬೇಡ ಎನ್ನುವ ಹಕ್ಕು ರೋಗಿಗೆ ಇದೆ.