ಫಿಲ್ಮಿಗೆ ಸಿಗದ ಅಂಚು

ಮೊಳಕಾಲ್ಮೂರಿನ ಬೆಟ್ಟದ ಆ ಚಿತ್ರ ಈಗಲೂ ನನ್ನ ಬಳಿ ಇದೆ. ಅದು ತೋರಿಸುವುದು ಒಂದು, ನನಗೆ ನೆನಪಿರುವುದು ಇನ್ನೊಂದು. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ.

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಹೊಸದಾಗಿ ಮದುವೆಯಾದವರು, ಹೊಸ ರುಮಾಲು ಕೊಂಡವರು ಬಂದು ಮುಖ ಕೊಟ್ಟು ಹೋಗುತ್ತಿದ್ದರು. ಅದು ಹೊಟ್ಟೆಪಾಡು. ನನಗೆ ಬೇಕಾಗಿದ್ದು ಬಂಡೆ, ಬಯಲು, ಬೆಟ್ಟ. ಬಿಡುವು ಸಿಕ್ಕಾಗ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಫಿಲ್ಮು ತೊಳೆಯುವ ಸಾಮಾನು ಹೊತ್ತು ಬಸ್ಸು ಹತ್ತುತ್ತಿದ್ದೆ. ಬರೀ ಬೆಟ್ಟ ನೋಡಲು ಒಬ್ಬ ಅಷ್ಟು ದೂರ ಬರುತ್ತಾನೆಂದರೆ ಯಾರು ನಂಬುತ್ತಾರೆ? ಕೊಂಡ್ಲಹಳ್ಳಿಯಲ್ಲಿ ನಿಧಿ ಹುಡುಕುವವನೆಂದರು. ರಾಂಪುರದಲ್ಲಿ ಸರ್ಕಾರದ ಕಡೆಯವನೆಂದರು.

ಮೊಳಕಾಲ್ಮೂರಿನ ನೇಕಾರರ ಕೇರಿಯ ಹಿಂದೆ ನಿಂತಿದ್ದೆ. ಬೆಳಗಿನ ಬಿಸಿಲು ಬಂಡೆಗಳ ಮೇಲೆ ಇಳಿಯುತ್ತಿತ್ತು. ಇಲ್ಲ, ಚಿತ್ರದ ನೆರಳು ನೋಡಿದರೆ ನಡು ಮಧ್ಯಾಹ್ನ. ಒಂದು ಮನೆಯ ಹಿತ್ತಿಲಲ್ಲಿ ಅತ್ತೆ ಸೊಸೆ ಇಬ್ಬರೂ ಮಗ್ಗದಿಂದ ಆಗತಾನೇ ಇಳಿಸಿದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದಿದ್ದರು. ಕೆಂಪು ಒಡಲು, ಕಪ್ಪು ಅಂಚು, ಅಂಚಿನ ತುಂಬ ಕೆಂಪು ಗಿಣಿಗಳು. ನಾನು ಬೆಟ್ಟವನ್ನೇ ನೋಡುತ್ತಿದ್ದೆ. ಚಿತ್ರ ತೆಗೆದೆ.

ಮನೆಯ ಯಜಮಾನ ಓಡಿ ಬಂದು ಸ್ಟ್ಯಾಂಡಿನ ಕಾಲು ಹಿಡಿದುಕೊಂಡ.

"ಏಮಯ್ಯಾ, ಯಾರು ಕಳಿಸಿದ್ರು ನಿನ್ನ?"

"ಯಾರೂ ಕಳಿಸಿಲ್ರಿ. ಬೆಟ್ಟ ತೆಗೀತಿದ್ದೆ."

"ಬೆಟ್ಟ ನಮ್ಮ ಹಿತ್ಲಾಗೇ ಐತಾ?"

ಆ ಅಂಚಿನ ಚಿತ್ತಾರ ಆತ ಹೊಸದಾಗಿ ಕಟ್ಟಿದ್ದು. ಬಳ್ಳಾರಿಯ ವ್ಯಾಪಾರಿಗೆ ಇನ್ನೂ ತೋರಿಸಿರಲಿಲ್ಲ. ಅಷ್ಟರೊಳಗೆ ಅದು ಬೇರೆಯವರ ಮಗ್ಗ ಏರಿದರೆ ಆತನದೆನ್ನಲು ಏನೂ ಉಳಿಯುತ್ತಿರಲಿಲ್ಲ. ಆ ಇಬ್ಬರಲ್ಲಿ ಸೊಸೆ, ಆತನ ಹೆಂಡತಿ, ಸೀರೆಯನ್ನು ಸುತ್ತಿ ಕಂಕುಳಲ್ಲಿ ಅವುಚಿಕೊಂಡಳು.

"ಇವಾಗ ಮುಚ್ಚಿ ಏನ್ ಬಂತು? ಪೆಟ್ಟಿಗೆ ಒಳಗೆ ಹೋತಲ್ಲ!" ಎಂದು ಆತ ಆಕೆಯ ಮೇಲೆ ರೇಗಿದ.

"ಬೆಳಕಿಗೆ ಹಿಡೀರಿ ಅಂದೋರು ನೀವೇ," ಎಂದಳು ಆಕೆ.

ಕ್ಯಾಮೆರಾದ ಹಿಂದಿನ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೀವೇ ನೋಡಿ ಎಂದು ಆತನಿಗೆ ಹೇಳಿದೆ. ಕ್ಯಾಮೆರಾದ ಗಾಜಿನ ಮೇಲೆ ಬೆಟ್ಟ, ಹಿತ್ತಿಲು, ಹೆಂಡತಿ ಎಲ್ಲ ತಲೆಕೆಳಗು. ಹೊರಬಂದಾಗ ಆತನ ಸಂಶಯ ಇನ್ನಷ್ಟು ಬಲಿತಿತ್ತು.

"ತಲೆಕೆಳಗೆ ಮಾಡಿ ಒಯ್ದರೆ ಗುರುತು ಹತ್ತಲ್ಲ ಅಂತಾನಾ?"

ಫಿಲ್ಮನ್ನು ಬಿಸಿಲಿಗೆ ಹಿಡಿದು ಹಾಳುಮಾಡು ಎಂದ. ಆ ಬೆಟ್ಟಕ್ಕಾಗಿ ಹಿಂದೆಯೂ ಬಂದು, ಮಬ್ಬು ಕವಿದು, ಬರಿಗೈಲಿ ಮರಳಿದ್ದೆ.

"ನಿಮ್ಮ ಮನೇಲೇ ತೊಳಿತೀನ್ರಿ. ಅಂಚು ಬಂದಿದ್ರೆ ಒಲೆಗೆ ಹಾಕ್ರಿ," ಎಂದೆ.

ಮಗ್ಗದ ಪಕ್ಕದ ಕೋಣೆಯಲ್ಲಿ ಕಿಟಕಿಗೂ ಬಾಗಿಲ ಸಂದಿಗೂ ಕಂಬಳಿ ತುರುಕಿದೆವು. ನನ್ನ ಕೆಂಪು ಗಾಜಿನ ಲಾಂದ್ರ ಹಚ್ಚಿದೆ. ಆತ ನನ್ನ ಕೈಗಳನ್ನೇ ನೋಡುತ್ತಿದ್ದ. ನಾನು ಆತನ ಕೈಗಳನ್ನು ನೋಡುತ್ತಿದ್ದೆ. ಫಿಲ್ಮು ಮುಳುಗಿಸಿದ್ದ ತಟ್ಟೆಯನ್ನು ಬೋರಲು ಹಾಕಿಬಿಟ್ಟರೆ?

ತೊಳೆದಾದ ಮೇಲೆ ಬಾಗಿಲು ತೆರೆದು ಫಿಲ್ಮನ್ನು ಬೆಳಕಿಗೆ ಹಿಡಿದೆ. ನೆಗೆಟಿವ್ ಆದ್ದರಿಂದ ಬಿಳಿಯೆಲ್ಲ ಕಪ್ಪು, ಕಪ್ಪೆಲ್ಲ ತಿಳಿ. ಬಂಡೆಗಳು ಒಂದೂ ಬಿಡದೆ ಬಂದಿದ್ದವು. ಸೀರೆಯ ಜಾಗದಲ್ಲಿ ಸೀರೆಯಾಕಾರದ ತೂತು. ಅಂಚಿಲ್ಲ, ಗಿಣಿಯಿಲ್ಲ. ಆ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ದೀಪದಲ್ಲಿ ತೊಳೆಯಲು ಆಗುತ್ತಿದ್ದುದೂ ಅದಕ್ಕೇ. ಕೆಂಪೂ ಕಪ್ಪೂ ಅದಕ್ಕೆ ಒಂದೇ. ಇದನ್ನೆಲ್ಲ ಬಿಡಿಸಿ ಹೇಳಿದೆ.

ಆತ ತಿರುಗಿಸಿ ಮುರುಗಿಸಿ ನೋಡಿದ. ಮುಖ ಸಡಿಲವಾಗಲಿಲ್ಲ.

"ಬೇಲಿ ಮುಳ್ಳು ಐತೆ. ಬೆಟ್ಟದ ಕಲ್ಲೆಲ್ಲ ಐತೆ. ನನ್ನ ಅಂಚೊಂದೇ ಇಲ್ಲ. ಎಲ್ಲಿ ಇಟ್ಕಂಡೆ?"

"ಬಂದಿಲ್ಲ ಯಜಮಾನ್ರೆ. ಒಳ್ಳೇದೇ ಆತಲ್ಲ."

"ಇದ್ರಾಗೆ ಇಲ್ಲ ಅಂದ್ರೆ ಕಣ್ಣಾಗೆ ಇಟ್ಕಂಡೀಯ."

ಫಿಲ್ಮು ಹಿಂದಕ್ಕೆ ಕೊಟ್ಟ. ಬಸ್ಸಿನ ತನಕ ಜೊತೆಗೂ ಬಂದ. ಮರ್ಯಾದೆಗಲ್ಲ, ದಾರಿಯಲ್ಲಿ ನಾನು ಯಾವ ಮಗ್ಗದ ಮನೆಯ ಕಡೆ ತಿರುಗುತ್ತೇನೆಂದು ನೋಡಲು.

ಚಿತ್ರದಲ್ಲಿ ಅಂಚಿಲ್ಲ. ಆದರೂ ಈ ಕಥೆಯ ಮೊದಲಲ್ಲಿ ಅದನ್ನು ವರ್ಣಿಸಿದ್ದೇನೆ. ಬೆಟ್ಟವನ್ನೇ ನೋಡುತ್ತಿದ್ದವನಿಗೆ ಗಿಣಿಗಳು ಎಲ್ಲಿಂದ ಬಂದವು? ಅವು ನಿಜಕ್ಕೂ ಆತನ ಗಿಣಿಗಳೇ, ಆಮೇಲೆ ನಾನೇ ಸಾಕಿಕೊಂಡವೇ? ತಿಳಿಯಲೆಂದು ಒಮ್ಮೆ ಪೆನ್ಸಿಲ್ ಹಿಡಿದು ಕುಳಿತೆ. ಮೊದಲ ಗಿಣಿಯ ಕೊಕ್ಕು ತಡವರಿಸದೆ ಮೂಡಿತು. ಎದ್ದು ಹೋಗಿ ಕಾಗದವನ್ನು ಒಲೆಗೆ ಹಾಕಿದೆ.